ಕಂಬಿ ದಾಟುವ ಮೊದಲು

ಥರ್ಮಾಸಿನ ಮುಚ್ಚಳವನ್ನು ಎಷ್ಟು ಬಿಗಿಯಾಗಿ ತಿರುಗಿಸಿದರೂ ಅದರ ಅಂಚಿನಿಂದ ಕಾಫಿ ಜಿನುಗಿ ಸೀಟಿನ ಬಟ್ಟೆಯ ಮೇಲೆ ಕಂದುಬಣ್ಣದ ಒಂದು ವೃತ್ತವನ್ನು ಬೆಳೆಸುತ್ತಿತ್ತು. ಪ್ರತಿ ತಿರುವಿನಲ್ಲೂ ಆ ವೃತ್ತ ಎಷ್ಟು ಅಗಲವಾಯಿತೆಂದು ರೊವೀನಾ ಓರೆಗಣ್ಣಿನಿಂದ ಅಳೆಯುತ್ತಿದ್ದಳು. ಅಳೆಯುವುದಕ್ಕೆ ಏನಾದರೊಂದು ಸಿಕ್ಕಿದರೆ ಅವಳ ಮನಸ್ಸು ಒಂದು ಮಟ್ಟಿಗೆ ಸುಮ್ಮನಿರುತ್ತಿತ್ತು. ಪಕ್ಕದಲ್ಲಿ ಕುಳಿತ ಅವಳ ತಂದೆ ಓರ್ವಲ್, ಕುತ್ತಿಗೆಯನ್ನು ಬಲಕ್ಕೆ ತಿರುಗಿಸಿಟ್ಟುಕೊಂಡು ಎದುರಿನ ರಸ್ತೆಯನ್ನು ಎಡಗಣ್ಣಿನ ಅಂಚಿನಿಂದ ನೋಡುತ್ತಿದ್ದ. ಎರಡು ವರ್ಷಗಳಿಂದ ಅವನ ದೃಷ್ಟಿಯ ನಡುಭಾಗ ಅಳಿಸಿಹೋಗುತ್ತಿತ್ತು. "ಯಾವುದನ್ನ ನೋಡ್ಬೇಕು ಅಂತೀನೋ ಅದನ್ನ ಮಾತ್ರ ಯಾರೋ ಹೆಬ್ಬೆರಳಲ್ಲಿ ಒರೆಸಿಬಿಟ್ಟಿರ್ತಾರೆ" ಎಂದು ಅವನು ವೈದ್ಯೆಗೆ ಹೇಳಿದ್ದ. ಬರುವ ವಸಂತದ ಹೊತ್ತಿಗೆ ಎಷ್ಟು ಉಳಿದಿರುತ್ತದೆಂದು ಹೇಳಲಾಗದು ಎಂದಿದ್ದಳು ವೈದ್ಯೆ.

"ಕಿತ್ತಳೆ ತೋಟ ಮುಗೀತಾ?" ಎಂದು ಓರ್ವಲ್ ಕೇಳಿದ.

"ಆಗ್ಲೇ ಮುಗೀತು, ಅಪ್ಪ. ಓಕ್ ಮರಗಳು ಬಂದ್ವು."

"ಹಾಗಾದ್ರೆ ಇನ್ನೊಂದು ಗಂಟೆ." ಆಮೇಲೆ ಅವನು, "ತೋಪಿನ ರಸ್ತೆ ಜೂನ್‌ನಲ್ಲೇ ತೆರೆದ್ರು ಅಂದ ಹರ್ಷೆಲ್. ನೀನು ಹೇಳ್ಲೇ ಇಲ್ಲ" ಎಂದ. ಹರ್ಷೆಲ್ ಪಕ್ಕದ ಮನೆಯವನು. ಊರಿನ ಯಾವ ಸುದ್ದಿಯೂ ಅವನ ಬೇಲಿ ದಾಟದೆ ಹೋಗುತ್ತಿರಲಿಲ್ಲ.

"ರಿಪೇರಿ ಇನ್ನೂ ನಡೀತಾ ಇತ್ತು. ಮೇಲಿಂದ ಕಲ್ಲು ಬೀಳ್ತಾ ಇತ್ತು."

"ಹರ್ಷೆಲ್ ಮೊಮ್ಮಕ್ಕಳನ್ನ ಕರ್ಕೊಂಡು ಹೋಗಿದ್ದ. ಮೂರೂ ವಾಪಸ್ ಬಂದಿವೆ. ನಿನ್ನೆ ನನ್ನ ಬೇಲಿ ಮುರಿದ್ವು."

ಅವಳು ನಕ್ಕಳು. ನಗು ಸರಿಯಾದ ಉದ್ದದ್ದಾಗಿತ್ತೇ ಎಂದು ತಕ್ಷಣ ಅನುಮಾನಿಸಿದಳು. ಮೂರು ವರ್ಷಗಳ ಹಿಂದೆ, ಸಿಡಿಲಿನಿಂದ ಹೊತ್ತಿದ ಬೆಂಕಿ, ಈಗ ಅವರು ಹೊರಟಿದ್ದ ಟ್ಯಾನರ್ ತೋಪನ್ನು ಹಾದುಹೋದ ಮರುವಾರ, ಅಪ್ಪ ಅಡುಗೆಮನೆಯ ಮೇಜಿನ ಬಳಿ ನಿಂತು ಒಂದೇ ಪ್ರಶ್ನೆ ಕೇಳಿದ್ದ: "ನನ್ನ ಮರ?" ಅವಳು ತೊಳೆಯುತ್ತಿದ್ದ ತಟ್ಟೆಯಿಂದ ತಲೆಯೆತ್ತದೆ "ಚೆನ್ನಾಗಿದೆ" ಎಂದಿದ್ದಳು. ಆ ಒಂದು ಪದವನ್ನು ಹೇಳಲು ಬೇಕಾದ ಸಮಯ ಒಂದು ಸೆಕೆಂಡಿಗಿಂತ ಕಡಿಮೆ; ಅದನ್ನು ಕಾಪಾಡಲು ಮೂರು ವರ್ಷ ಹಿಡಿದಿತ್ತು. ರಸ್ತೆ ಕೊಚ್ಚಿಹೋಗಿದೆ, ಸೇತುವೆ ಕುಸಿದಿದೆ, ಕಾಡಿಗೆ ಬೀಗ ಹಾಕಿದ್ದಾರೆ. ಎಲ್ಲವೂ ನಿಜವೇ ಆಗಿದ್ದವು, ಜೂನ್‌ವರೆಗೆ. ಅರಣ್ಯದ ಕೆಲಸದಲ್ಲಿರುವ ಮಗಳ ಮಾತನ್ನು ಮೀರಿ ಹೋಗಿ ನೋಡುವ ತಂದೆಯಾಗಿರಲಿಲ್ಲ ಓರ್ವಲ್. ಕಣ್ಣು ಚೆನ್ನಾಗಿದ್ದಾಗಲೂ ಆಗಿರಲಿಲ್ಲ.

ಸಿಯೆರಾ ಬೆಟ್ಟಸಾಲಿನ ಸಿಕೋಯ ಎಂಬ ದೈತ್ಯಮರಗಳ ಎಪ್ಪತ್ತು ಚಿಲ್ಲರೆ ತೋಪುಗಳಲ್ಲಿ ಓರ್ವಲ್ ನೋಡದೆ ಬಿಟ್ಟದ್ದು ಎರಡು ಮಾತ್ರ. ಪ್ರತಿ ತೋಪಿಗೂ ಹಸಿರು ರಟ್ಟಿನ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಪುಟದ ಕೊನೆಯಲ್ಲಿ ಮನೆಯ ಪ್ರತಿಯೊಬ್ಬರೂ ಆ ದಿನ ಮೆಚ್ಚಿದ ಮರ. ಮೆಚ್ಚಿದ ಮರವನ್ನು ವಾಪಸಾಗುವಾಗ ಕಾರಿನಲ್ಲೇ ಹೇಳಬೇಕು. ಬೆಟ್ಟದ ಬುಡದಲ್ಲಿ, ಹುಲ್ಲುಗಾವಲಿನ ದನಗಳು ಮೇಲೆ ಹತ್ತದಿರಲೆಂದು ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಕಂಬಿಗಳನ್ನು ಹಾಸಿದ ಜಾಗವಿತ್ತು. ಕಾರಿನ ಗಾಲಿ ಅದನ್ನು ಮುಟ್ಟುವ ಮೊದಲು ಹೇಳಿ ಮುಗಿಸಬೇಕು. ಇಬ್ಬರು ಒಂದೇ ಮರವನ್ನು ಆರಿಸುವಂತಿಲ್ಲ. ಕಂಬಿ ದಾಟಿದ ಮೇಲೆ ಮಾತು ಬದಲಿಸುವಂತಿಲ್ಲ. ಕೊನೆಯ ನಿಯಮ ಸೇರಿದ್ದು ಅಣ್ಣ ಕ್ಲೇಟನ್‌ನಿಂದ: ಅವನು ಒಮ್ಮೆ, ತನಗೆ ನೆಗೆದಾಡಲು ಅನುಕೂಲವೆಂದು, ಬಿದ್ದ ಮರವೊಂದನ್ನು ಆರಿಸಿದಾಗ ಅಪ್ಪ ಬ್ರೇಕ್ ಒತ್ತಿ, ತಿರುಗಿ, "ಸತ್ತದ್ದನ್ನ ಆರಿಸೋ ಹಾಗಿಲ್ಲ" ಎಂದಿದ್ದ. ತಾಯಿ ಮಾತ್ರ ಯಾವ ನಿಯಮಕ್ಕೂ ಬಗ್ಗಿದವಳಲ್ಲ. ಉತ್ತರದ ಕಡಲತೀರದಲ್ಲಿ ಹುಟ್ಟಿದ ಅವಳು, ಪ್ರತಿ ಸಲವೂ, "ನಂದು ನಮ್ಮೂರ ರೆಡ್‌ವುಡ್. ನಿಮ್ಮವು ದಪ್ಪ ಇರಬಹುದು, ನಮ್ಮವು ಎತ್ತರ" ಎನ್ನುತ್ತಿದ್ದಳು. "ಮಂಜು ಕುಡಿದು ಬೆಳೆದವು, ಮುದ್ದಿನ ಮಕ್ಕಳು" ಎಂದು ಅಪ್ಪ ಗೊಣಗುತ್ತ ಅದನ್ನೂ ಬರೆದುಕೊಳ್ಳುತ್ತಿದ್ದ. ಈಗ ಆ ಪುಟಗಳಲ್ಲಿ ತಾಯಿಯ ಸಾಲು ಖಾಲಿ. ಅಣ್ಣ ಫ್ರೆಸ್ನೋದಿಂದ ಕ್ರಿಸ್‌ಮಸ್ಸಿಗೆ ಫೋನ್ ಮಾಡುತ್ತಾನೆ.

ಟ್ಯಾನರ್ ತೋಪಿನಲ್ಲಿ ಅಪ್ಪ ಆರಿಸುತ್ತಿದ್ದುದು ಯಾವಾಗಲೂ ಒಂದೇ: ತುದಿ ಮುರಿದ, ಮೈ ತಿರುಚಿದ, ಬುಡದಲ್ಲಿ ಹಳೆಯ ಬೆಂಕಿ ಕೊರೆದ ಪೊಟರೆಯಿದ್ದ ಕುರೂಪಿ ಮರ. ಬೆಂಕಿಯ ಅಂಥ ಗಾಯವನ್ನು ಅಲ್ಲಿನವರು ಬೆಕ್ಕಿನ ಮುಖ ಎನ್ನುತ್ತಾರೆ. ಇಳಿಜಾರಿನಲ್ಲಿ ಬೆಳೆದ ಮರಕ್ಕೆ ಈ ಮುಖ ಬರುವುದು ಸದಾ ಮೇಲುಗಡೆಗೆ. ಏಕೆಂದರೆ ಮೇಲಿನಿಂದ ಉರುಳಿಬಂದ ಕೊಂಬೆಯೂ ತರಗೂ ಬುಡಕ್ಕೆ ತಾಗಿ ನಿಲ್ಲುವುದು ಅಲ್ಲೇ, ಬೆಂಕಿ ಹೆಚ್ಚು ಹೊತ್ತು ಕೂರುವುದೂ ಅಲ್ಲೇ. ಇದನ್ನು ಏಳು ವರ್ಷದ ರೊವೀನಾಗೆ ಅಪ್ಪನೇ ಕಲಿಸಿದ್ದ. ಆ ದಿನವೇ ಅವಳು, ಅಪ್ಪನ ಮರದಿಂದ ಮೂವತ್ತು ಹೆಜ್ಜೆ ಮೇಲಕ್ಕೆ ನಿಂತಿದ್ದ, ಒಂದೂ ಗಾಯವಿಲ್ಲದ, ಗೆರೆ ಎಳೆದಂತೆ ನೇರವಾದ ಮರವನ್ನು ತಬ್ಬಿಕೊಂಡು ಇದು ನನ್ನದು ಎಂದಿದ್ದಳು. ಅಪ್ಪ ತಲೆಯೆತ್ತಿ ನೋಡಿ, "ಟೆಲಿಫೋನ್ ಕಂಬ. ಕಂಪನಿಯವರಿಗೆ ಹೇಳೋಣ, ತಂತಿ ಎಳೀಲಿ" ಎಂದಿದ್ದ. ಎಲ್ಲರೂ ನಕ್ಕಿದ್ದರು. ತಾನೂ ನಕ್ಕಿದ್ದಳೆಂಬುದೇ ಅವಳನ್ನು ಈಗಲೂ ಚುಚ್ಚುತ್ತಿತ್ತು. ನಲವತ್ತು ವರ್ಷಗಳಲ್ಲಿ ಅವಳು ಕಂಬವನ್ನು ಬಿಟ್ಟು ಬೇರೆಯದನ್ನು ಆರಿಸಲಿಲ್ಲ. ನಲವತ್ತು ವರ್ಷಗಳಲ್ಲಿ ಅಪ್ಪ ಒಮ್ಮೆಯೂ ಅದರ ನೆರಳಿನಲ್ಲಿ ನಿಲ್ಲಲಿಲ್ಲ.

ಇಂಥ ಸಣ್ಣ ಸಂಗತಿಗೆ ತೂಕವಿರಬಾರದು ಎಂದು ಅವಳು ತರ್ಕಿಸಿದ್ದಳು. ತರಗನ್ನು ಗೋರುವಾಗ ಕೈಗಳು ತರ್ಕಿಸುವುದಿಲ್ಲ.

ಬೆಂಕಿ ಎರಡು ಮೈಲಿ ದೂರದ ಬೆಟ್ಟದ ಏಣನ್ನು ದಾಟಿದ ಆ ಸೆಪ್ಟೆಂಬರ್ ಮಧ್ಯಾಹ್ನ ತೋಪಿನಲ್ಲಿ ಅವಳೂ ಸೇರಿ ಇಲಾಖೆಯ ಮೂವರಿದ್ದರು. ನಿಮಗೆ ಇಪ್ಪತ್ತು ನಿಮಿಷ ಎಂದು ರೇಡಿಯೊ ಹೇಳಿತ್ತು. ಒಬ್ಬೊಬ್ಬರು ಒಂದು ಮರ, ಸಮಯವಿದ್ದರೆ ಎರಡು. ಯಾವುದು ಎಂದು ನೀವೇ ಆರಿಸಿಕೊಳ್ಳಿ. ಆರಿಸುವುದು! ಸಿಕೋಯದ ಬುಡದಲ್ಲಿ ನೂರಾರು ವರ್ಷಗಳ ಸೂಜಿಯೆಲೆ, ತೊಗಟೆ, ಕಾಯಿಗಳು ಮೊಳಕಾಲೆತ್ತರ ಕೂಡಿಬಿದ್ದಿರುತ್ತವೆ. ಅದನ್ನು ಗೋರಿ ತೆಗೆದರೆ ಬೆಂಕಿ ಮರವನ್ನು ಸವರಿಕೊಂಡು ಹೋಗುತ್ತದೆ, ತೆಗೆಯದಿದ್ದರೆ ದಿನಗಟ್ಟಲೆ ಕೂತು ಬೇರನ್ನು ಬೇಯಿಸುತ್ತದೆ. ತೆಗೆದದ್ದನ್ನು ರಾಶಿ ಹಾಕಬಾರದು, ತೆಳ್ಳಗೆ ಹರಡಬೇಕು. ಇಳಿಜಾರಿನಲ್ಲಿ ಕೆಳಕ್ಕೆ ಎಳೆಯಬಾರದು, ಪಕ್ಕಕ್ಕೆ ಎಳೆಯಬೇಕು. ಇವೆಲ್ಲ ಅಪ್ಪನ ಕಾಲದ ನಿಯಮಗಳು. ಮೂವತ್ತು ವರ್ಷ ಇದೇ ಕಾಡಿನ ಕಾಲುದಾರಿಗಳನ್ನು ಕಡಿದವನು ಅವನು. ಅವಳು ಕಂಬದ ಬಳಿಗೆ ಓಡಿದಳು. ಪಕ್ಕಕ್ಕೆ ಎಳೆಯಲು ಪೊದೆಗಳು ಅಡ್ಡವಾಗಿದ್ದವು. ಕೆಳಕ್ಕೆ ಎಳೆದರೆ ತರಗು ತಾನಾಗಿಯೇ ಜಾರುತ್ತಿತ್ತು, ಅಲೆಅಲೆಯಾಗಿ, ಆಜ್ಞೆ ಪಾಲಿಸುವಂತೆ. ಹದಿನೈದು ನಿಮಿಷಗಳಲ್ಲಿ ಕಂಬದ ಬುಡ ಕಸ ಗುಡಿಸಿದ ಅಂಗಳದಂತಾಯಿತು. ಆಗ ಅವಳು ಕೆಳಗೆ ನೋಡಿದಳು. ಮೂವತ್ತು ಹೆಜ್ಜೆ ಕೆಳಗೆ, ಮೇಲ್ಮುಖವಾಗಿ ಬಾಯಿ ತೆರೆದುಕೊಂಡಿದ್ದ ಬೆಕ್ಕಿನ ಮುಖ, ಅವಳು ಗೋರಿ ಕಳಿಸಿದ್ದನ್ನೆಲ್ಲ ತುಂಬಿಕೊಂಡು ಕೂತಿತ್ತು. ಕಂಡದ್ದು ಆಗ ಮಾತ್ರವೇ? ಮಧ್ಯದಲ್ಲಿ ಒಮ್ಮೆ, ಬೆವರು ಒರೆಸಲು ನಿಂತಾಗ, ಅದು ಮೊಳಕಾಲಿನಷ್ಟು ತುಂಬಿದ್ದನ್ನು ಕಂಡು, ಆಮೇಲೆ ತೆಗೆದರಾಯಿತು ಎಂದು ಮತ್ತೆ ಗೋರೆ ಎತ್ತಿರಲಿಲ್ಲವೇ? ಆ ಕ್ಷಣದಲ್ಲಿ ಎದೆಯೊಳಗೆ ಚಿಕ್ಕದಾಗಿ ಏನೋ ಹಗುರಾಗಿತ್ತಲ್ಲ, ಅದಕ್ಕೆ ಯಾವ ಹೆಸರು? ಮೂರು ವರ್ಷಗಳಿಂದ ಅವಳು ಆ ಹಗುರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ್ದಳು, ಆಯಾಸ ಎಂದು ಬರೆದು ನೋಡಿದ್ದಳು, ಗಾಬರಿ ಎಂದು ಬರೆದು ನೋಡಿದ್ದಳು; ಯಾವ ಹೆಸರೂ ಅಂಟಿರಲಿಲ್ಲ. ಹೊರಡಿ ಎಂದು ರೇಡಿಯೊ ಮತ್ತೆ ಕರೆದಾಗ ಐದು ನಿಮಿಷ ಉಳಿದಿತ್ತು. ಕರೆದದ್ದರಿಂದ ಓಡಿದಳು.

ಎರಡು ತಿಂಗಳ ನಂತರ ಮರಗಳ ಸಮೀಕ್ಷೆಗೆ ಹೋದವಳೂ ಅವಳೇ. ಅಪ್ಪನ ಮರ ಒಳಗಿನಿಂದ ಚಿಮಣಿಯಂತೆ ಉರಿದು, ಮೇಲಿನವರೆಗೆ ಕಪ್ಪು ಕೊಳವೆಯಾಗಿ ನಿಂತಿತ್ತು. ನೂರ ಏಳು ಎಂಬ ಸಂಖ್ಯೆಯ ತಗಡನ್ನು ಅದಕ್ಕೆ ಕಟ್ಟಿದಳು. ಉಳಿದ ಹಸಿರು: ಸೊನ್ನೆ. ಬುಡದಲ್ಲಿ ತರಗು ಶೇಖರವಾಗಲು ಕಾರಣ ಎಂಬ ಕಾಲಂನಲ್ಲಿ ಪೆನ್ಸಿಲನ್ನು ತುಸು ಹೊತ್ತು ಹಿಡಿದಿದ್ದು, ತಿಳಿದಿಲ್ಲ ಎಂದು ಬರೆದಳು. ಅವಳ ಅಕ್ಷರ ಎಂದಿನಂತೆ ದುಂಡಗಿತ್ತು. ಆ ವರ್ಷದ ಅತ್ಯಂತ ಅಚ್ಚುಕಟ್ಟಾದ ವರದಿ ಎಂದು ಮೇಲಧಿಕಾರಿ ಹೊಗಳಿದ.

"ಯಾಕೆ ನಿಲ್ಲಿಸ್ದೆ?" ಎಂದ ಓರ್ವಲ್.

ಕಾರು ತೋಪಿನ ಬಾಗಿಲಲ್ಲೇ ನಿಂತಿತ್ತು. ತಾನು ಎಂಜಿನ್ ಆರಿಸಿದ್ದು ಯಾವಾಗ ಎಂಬುದು ಅವಳಿಗೆ ನೆನಪಾಗಲಿಲ್ಲ. "ಬಂದ್ವಿ ಅಪ್ಪ."

ಅಕ್ಟೋಬರಿನ ಗಾಳಿಗೆ ಡಾಗ್‌ವುಡ್ ಪೊದೆಗಳ ಕೆಂಪು ಎಲೆಗಳು ಅಲ್ಲಲ್ಲಿ ಮಿನುಗುತ್ತಿದ್ದವು. ಓರ್ವಲ್ ಒಂದು ಕೈಯಲ್ಲಿ ಊರುಗೋಲನ್ನೂ ಇನ್ನೊಂದರಲ್ಲಿ ಅವಳ ಮೊಣಕೈಯನ್ನೂ ಹಿಡಿದು, ಮೂಗನ್ನು ಮುಂದೆ ಮಾಡಿಕೊಂಡು ನಡೆದ. ಎಡಬಲಗಳಲ್ಲಿ ಹಸಿರು ತಲೆಯ ಮರಗಳೂ ಕರಿಕಂಬಗಳೂ ಬೆರೆತು ನಿಂತಿದ್ದವು. ಅವನ ಕಣ್ಣಿನ ಅಂಚಿಗೆ ಅವೆಲ್ಲ ಬರೀ ದಪ್ಪ ನೆರಳುಗಳು. ದಾರಿ ಕವಲೊಡೆಯುವ ಕಡೆ, ಹಳೆಯ ಮರದ ಫಲಕ ಸುಟ್ಟುಹೋಗಿ ಬೂದಿ ಮೆತ್ತಿದ ಗುಳಿ ಮಾತ್ರ ಉಳಿದಿದ್ದಲ್ಲಿ, ಅವನ ಕಾಲು ತಾನಾಗಿಯೇ ಬಲಕ್ಕೆ ತಿರುಗಿತು. ಅವಳ ಮೊಣಕೈ ಎಡಕ್ಕೆ ಎಳೆಯಿತು.

"ಬಲಕ್ಕೆ ತಾನೇ?"

"ದಾರಿ ಬದಲಾಯಿಸಿದಾರೆ. ಬೆಂಕಿ ಆದ ಮೇಲೆ."

ಈ ವಾಕ್ಯವನ್ನು ಅವಳು ಯೋಚಿಸಿರಲಿಲ್ಲ. ಅದು ಇಲಾಖೆಯ ನೋಟೀಸಿನ ದನಿಯಲ್ಲಿ ಹೊರಬಂತು. ನೋಟೀಸುಗಳನ್ನು ಯಾರೂ ಅನುಮಾನಿಸುವುದಿಲ್ಲ. ಎಡದ ದಾರಿಯಲ್ಲಿ ನೂರ ಹದಿನಾಲ್ಕು ಎಂಬ ಮರವಿರುವುದು ಅವಳಿಗೆ ಸಮೀಕ್ಷೆಯಿಂದ ಗೊತ್ತಿತ್ತು: ಉಳಿದ ಹಸಿರು ಶೇಕಡಾ ಎಂಬತ್ತು, ಮೇಲುಗಡೆಗೆ ಪೊಟರೆ, ಒಳಗೆ ಇಬ್ಬರು ನಿಲ್ಲುವಷ್ಟು ಜಾಗ. ಅಪ್ಪನ ಮರದ ಅಳತೆಗಿಂತ ಪೊಟರೆಯ ಬಾಯಿ ಒಂಬತ್ತು ಅಂಗುಲ ಕಿರಿದು. ಒಂಬತ್ತು ಅಂಗುಲವನ್ನು ಒಂದು ಕೈ ಗುರುತಿಸುತ್ತದೆಯೇ? ಅವಳು ಲೆಕ್ಕ ಹಾಕುತ್ತಲೇ ನಡೆದಳು, ತನ್ನ ಬಗ್ಗೆ ಅಸಹ್ಯಪಡುತ್ತಲೇ.

"ಇಲ್ಲಿ ಸುಟ್ಟ ವಾಸನೆ ಅಷ್ಟಾಗಿ ಇಲ್ಲ" ಎಂದ ಓರ್ವಲ್.

"ಇಲ್ಲಿ ಬೆಂಕಿ ಮೆಲ್ಲಗೆ ಹೋಯ್ತು."

"ಅದೃಷ್ಟ."

ನೂರ ಹದಿನಾಲ್ಕರ ಮುಂದೆ ಅವಳು ನಿಂತಳು. ಓರ್ವಲ್ ಊರುಗೋಲನ್ನು ಅವಳ ಕೈಗಿತ್ತು, ಎರಡೂ ಅಂಗೈಗಳನ್ನು ತೊಗಟೆಯ ಮೇಲಿಟ್ಟ. ದಾಲ್ಚಿನ್ನಿ ಬಣ್ಣದ, ನಾರುನಾರಾದ, ಒತ್ತಿದರೆ ಬೆರಳು ತಗ್ಗುವ ಮೆತ್ತನೆಯ ತೊಗಟೆ. ಅವನ ಮುಖ ಸಡಿಲವಾಯಿತು. "ಬಂದೆ ಕಣೋ ಮುದುಕ" ಎಂದು ಮರಕ್ಕೆ ಹೇಳಿದ. ಆ ಮೂರು ಪದಗಳನ್ನು ಕೇಳಿಸಿಕೊಳ್ಳಬಾರದೆಂದು ರೊವೀನಾ ಮುಖ ತಿರುಗಿಸಿದಳು. ಅವನು ತೊಗಟೆಯನ್ನು ಸವರುತ್ತ ಬಳಸಿ ಬಂದು, ಪೊಟರೆಯ ಅಂಚನ್ನು ಕಂಡುಕೊಂಡು, ತಲೆ ಬಗ್ಗಿಸಿ ಒಳಗೆ ಹೋದ. ಅವಳು ಹೊರಗೆ ನಿಂತಳು. ಒಳಗೆ ಅವನು ಟೋಪಿ ತೆಗೆದ. ಬಲಗೈಯಲ್ಲಿ ಟೋಪಿ ಹಿಡಿದು, ಎಡಗೈಯನ್ನು ಭುಜದೆತ್ತರಕ್ಕೆ ಎತ್ತಿ, ಎಡಗೋಡೆಯನ್ನು ಮುಟ್ಟಿದ. ಕೈ ಅಲ್ಲೇ ಒಂದು ಚಿಕ್ಕ ವೃತ್ತ ಸುತ್ತಿತು. ಮತ್ತೊಂದು, ಸ್ವಲ್ಪ ದೊಡ್ಡ ವೃತ್ತ.

ಮೊಳೆ.

ಕಾಲುದಾರಿ ಕಡಿಯುವ ಕೆಲಸಕ್ಕೆ ಸೇರಿದ ಮೊದಲ ಬೇಸಿಗೆ, ಇಪ್ಪತ್ತೊಂದರ ಓರ್ವಲ್, ಊಟದ ಡಬ್ಬಿಗೆ ಇರುವೆ ಹತ್ತುತ್ತದೆಂದು ಆ ಪೊಟರೆಯ ಗೋಡೆಗೆ ಒಂದು ಮೊಳೆ ಹೊಡೆದಿದ್ದ. ಎರಡು ಸಾವಿರ ವರ್ಷದ ಮರಕ್ಕೆ ಮೊಳೆ ಹೊಡೆದವನು ತಾನೆಂಬ ನಾಚಿಕೆ ಅವನಿಗೆ ಆಮೇಲೆ ಬಂದಿತ್ತು. ಆದರೂ ಕಿತ್ತಿರಲಿಲ್ಲ, ಕಿತ್ತರೆ ಇನ್ನಷ್ಟು ನೋಯುತ್ತದೆಂದು. "ಯಾರಿಗೂ ಹೇಳ್ಬೇಡ, ಕೆಲಸದಿಂದ ತೆಗೀತಾರೆ" ಎಂದು ಮುಂದೆ ಪುಟ್ಟ ರೊವೀನಾಳ ಕಿವಿಯಲ್ಲಿ ಹೇಳಿದ್ದ, ಅವಳನ್ನು ಎತ್ತಿ ಹಿಡಿದು, ಅವಳ ಕೈಯಿಂದಲೇ ಟೋಪಿಯನ್ನು ಅದಕ್ಕೆ ತಗುಲಿಹಾಕಿಸುತ್ತ. ಅಪ್ಪ ತನ್ನ ತಪ್ಪೊಂದನ್ನು ಒಪ್ಪಿಕೊಂಡದ್ದು ಅವಳಿಗೆ ಮಾತ್ರ. ಪೊಟರೆಯ ಆಳ, ಬಾಯಗಲ, ಕರಕಲಿನ ಎತ್ತರ ಎಲ್ಲವನ್ನೂ ಅಂಗುಲದ ಲೆಕ್ಕದಲ್ಲಿ ನೆನಪಿಟ್ಟವಳು ಅದನ್ನು ಮರೆತಿದ್ದಳು.

ಓರ್ವಲ್‌ನ ಕೈ ಮೂರನೆಯ ವೃತ್ತವನ್ನು ಅರ್ಧಕ್ಕೆ ನಿಲ್ಲಿಸಿತು. ಅವನು ತಿರುಗಲಿಲ್ಲ. ಟೋಪಿಯನ್ನು ಎರಡೂ ಕೈಗಳಲ್ಲಿ ಎದೆಗೆ ಹಿಡಿದುಕೊಂಡು, ಗುರುತಿಲ್ಲದವರ ಮನೆಯ ಪಡಸಾಲೆಯಲ್ಲಿ ಕರೆಗಾಗಿ ಕಾಯುವವನಂತೆ, ಬಹಳ ಹೊತ್ತು ನಿಂತ.

ಹೊರಗೆ ಬಂದಾಗ ಅವನ ಮುಖದಲ್ಲಿ ಅವಳು ಹುಡುಕಿದ್ದು ಇರಲಿಲ್ಲ. "ಹಸಿವು" ಎಂದ. ಇಬ್ಬರೂ ಬಿದ್ದ ದಿಮ್ಮಿಯೊಂದರ ಮೇಲೆ ಕುಳಿತು ಮೊಟ್ಟೆಯ ಸ್ಯಾಂಡ್‌ವಿಚ್ ತಿಂದರು. ಕಾಲ ಬುಡದಲ್ಲಿ, ಬೆಂಕಿ ಬಿಚ್ಚಿದ ಕಾಯಿಗಳಿಂದ ಉದುರಿದ ಬೀಜಗಳು ಮೊಳೆತು, ಗೇಣುದ್ದದ ಸಿಕೋಯ ಸಸಿಗಳು ನೂರಾರು ನಿಂತಿದ್ದವು. ಅವನ ಊರುಗೋಲು ಅವುಗಳಲ್ಲಿ ಒಂದನ್ನು ಒತ್ತಿಹಿಡಿದಿತ್ತು. ಅವಳು ಅದನ್ನು ಸರಿಸಲಿಲ್ಲ. ಈಗ ಹೇಳಬೇಕು ಎಂದುಕೊಂಡಳು. ತುತ್ತು ನುಂಗಿದ ಮೇಲೆ. ಈ ತುತ್ತಲ್ಲ, ಮುಂದಿನದು. ಹೇಳಿದರೆ ಯಾವುದನ್ನು ಮೊದಲು ಹೇಳಬೇಕು? ಇದು ನಿನ್ನ ಮರವಲ್ಲ ಎಂಬುದನ್ನೋ, ನಿನ್ನದು ಸತ್ತಿದೆ ಎಂಬುದನ್ನೋ, ಕೊಂದದ್ದು ನನ್ನ ಗೋರೆ ಎಂಬುದನ್ನೋ? ಒಂದರ ಕೆಳಗೊಂದು ಅವು ಇಳಿಜಾರಿನಲ್ಲಿ ಜೋಡಿಸಿದಂತಿದ್ದವು. ಮೇಲಿನದನ್ನು ಎಳೆದರೆ ಉಳಿದೆಲ್ಲವೂ ಜಾರಿಬಂದು ಅಪ್ಪನ ಬಾಯಿ ತುಂಬುತ್ತದೆ.

"ಉಪ್ಪು ಜಾಸ್ತಿ" ಎಂದ ಓರ್ವಲ್. "ನಿಮ್ಮಮ್ಮನ ಕೈಯೇ ನಿಂದೂ." ಆಮೇಲೆ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಳ್ಳುತ್ತ, "ನಿನ್ನ ಕಂಬ?" ಎಂದ.

"ಹಾಂ?"

"ಹೇಗಿದೆ? ಹಸಿರಿದೆಯಾ?"

"ಇದೆ."

"ತುದೀವರೆಗೆ?"

"ತುದೀವರೆಗೆ." ಅದು ನಿಜವಾದದ್ದರಿಂದ ಅವಳ ದನಿ ನಡುಗಿತು.

"ಒಳ್ಳೇದು. ಒಂದಾದ್ರೂ." ಅವನು ಎದ್ದು ನಿಂತ. "ಅಲ್ಲೀತನಕ ನಾನು ಬರಲ್ಲ, ಮಂಡಿ ಕೇಳಲ್ಲ. ನಡಿ, ಹೋಗೋಣ."

ಕಂಬ ಎಲ್ಲಿದೆಯೆಂದು ಅವನು ಕೇಳಲಿಲ್ಲ. ಅವನ ಮರದಿಂದ ಮೂವತ್ತು ಹೆಜ್ಜೆ ಮೇಲೆ ಇರಬೇಕಾದದ್ದು ಅದು. ಕುಳಿತಲ್ಲಿಂದ ಕೈಯೆತ್ತಿ ತೋರಿಸು ಎಂದು ಕೇಳಬಹುದಾಗಿತ್ತು. ಕೇಳಲಿಲ್ಲ.

ಕಾರು ಬೆಟ್ಟ ಇಳಿಯತೊಡಗಿತು. ನಿದ್ದೆ ಹೋಗಿದ್ದಾನೆಯೇ ಎಂದು ಅವಳು ಎರಡು ಸಲ ನೋಡಿದಳು. ಎರಡು ಸಲವೂ ಅವನ ಕುತ್ತಿಗೆ ಕಿಟಕಿಯತ್ತ ತಿರುಗಿತ್ತು, ಕಣ್ಣಿನ ಅಂಚು ಅವಳ ಮೇಲಿತ್ತು. ಈಗ ಅವನು ಏನನ್ನಾದರೂ ನೋಡಬೇಕೆಂದರೆ ಅದರಿಂದ ಮುಖ ತಿರುಗಿಸಬೇಕು ಎಂಬುದು ಅವಳಿಗೆ ಆಗ ಹೊಳೆಯಿತು. ಇಡೀ ದಿನ, ಅವಳತ್ತ ಮುಖ ಮಾಡದಿದ್ದಾಗಲೆಲ್ಲ ಅವನು ಅವಳನ್ನೇ ನೋಡುತ್ತಿದ್ದಿರಬಹುದು. ಪೈನ್ ಮರಗಳು ಮುಗಿದವು. ಓಕ್ ಮರಗಳು ಬಂದವು. ಒಣಹುಲ್ಲಿನ ಗುಡ್ಡಗಳ ನಡುವೆ ಕಬ್ಬಿಣದ ಕಂಬಿಗಳು ಇಳಿಬಿಸಿಲಿಗೆ ದೂರದಿಂದಲೇ ಹೊಳೆದವು. ಅವಳು ವೇಗ ತಗ್ಗಿಸಿದಳು.

"ಓಕ್ ಬಂದು ಹತ್ತು ನಿಮಿಷ ಆಯ್ತು. ಕಂಬಿ ಹತ್ರ ಬಂದಿರ್ಬೇಕು" ಎಂದ ಓರ್ವಲ್. "ನಂದು ಹೇಳ್ಲಾ?"

"ಹೇಳಪ್ಪ."

"ಕಂಬ."

ಅವಳಿಗೆ ಅರ್ಥವಾಗಲಿಲ್ಲ.

"ನಿನ್ನ ಟೆಲಿಫೋನ್ ಕಂಬ. ಈ ಸಲ ನನಗೆ ಅದು." ಅವನು ಟೋಪಿಯ ಅಂಚನ್ನು ಬೆರಳುಗಳಲ್ಲಿ ತಿರುಗಿಸುತ್ತಿದ್ದ. "ಚೆನ್ನಾಗೇ ಇತ್ತು ಅದು, ಮೊದಲಿಂದ್ಲೂ. ನಾನು ಸುಮ್ನೆ ತಮಾಷೆ ಮಾಡ್ತಿದ್ದೆ."

ಏಳನೆಯ ವರ್ಷದಿಂದ ಕಾದಿದ್ದ ಮಾತು ಅವಳ ಮಡಿಲಿಗೆ ಬಿದ್ದಿತು. ಅದಕ್ಕೆ ತೂಕವೇ ಇರಲಿಲ್ಲ. ಒಳಗೆಲ್ಲ ಉರಿದು ತೊಗಟೆ ಮಾತ್ರ ಉಳಿದದ್ದರ ಹಾಗೆ, ತಟ್ಟಿದರೆ ಟೊಳ್ಳು ಸದ್ದು ಬರುವಂತಿತ್ತು. ಅವನು ಅದನ್ನು ದಯೆಯಿಂದ ಕೊಟ್ಟನೋ, ಶಿಕ್ಷೆಯಾಗಿ ಕೊಟ್ಟನೋ, ಅಥವಾ ಆರಿಸಲು ಬೇರೆ ಏನೂ ಉಳಿಯಲಿಲ್ಲವೆಂದು ಕೊಟ್ಟನೋ, ಅವಳಿಗೆ ತಿಳಿಯಲಿಲ್ಲ. ತಿಳಿಯುವ ಹಕ್ಕೂ ತನಗಿಲ್ಲವೆನಿಸಿತು. ಇಬ್ಬರು ಒಂದೇ ಮರವನ್ನು ಆರಿಸುವಂತಿಲ್ಲ. ಅವಳಿಗೀಗ ಮರವಿರಲಿಲ್ಲ.

"ನಿಂದು? ಬೇಗ ಹೇಳು, ರೋ."

ಕಂಬಿಗಳಿಗೆ ಇನ್ನು ಮೂವತ್ತು ಹೆಜ್ಜೆಯಿತ್ತು. ಬ್ರೇಕ್ ಒತ್ತಬಹುದಾಗಿತ್ತು. ಹಿಂದಿನಿಂದ ಹುಲ್ಲು ತುಂಬಿದ ಲಾರಿಯೊಂದು ಅಂಟಿಕೊಂಡು ಬರುತ್ತಿತ್ತು.

"ಮೊಳೆ ಇರೋ ಮರ" ಎಂದಳು.

ಓರ್ವಲ್‌ನ ಬೆರಳುಗಳು ಟೋಪಿಯ ಅಂಚಿನಲ್ಲಿ ನಿಂತವು. ಅವನು ಅವಳತ್ತ ಪೂರ್ತಿ ಮುಖ ತಿರುಗಿಸಿದ, ಎಂದರೆ ಅವಳನ್ನು ಪೂರ್ತಿ ಅಳಿಸಿಕೊಂಡ. ಮಾತು ಬಂದಾಗ ಅದರಲ್ಲಿ ಕೋಪವಿರಲಿಲ್ಲ. ಆಟದ ಕಾಯಿಯನ್ನು ತಪ್ಪು ಮನೆಗೆ ನಡೆಸಿದ ಮಗುವನ್ನು ತಿದ್ದುವ ದನಿ ಅದು.

"ಸತ್ತದ್ದನ್ನ ಆರಿಸೋ ಹಾಗಿಲ್ಲ. ನಿಯಮ ಗೊತ್ತಿದೆಯಲ್ಲ."

"ಅಪ್ಪ, ಆವತ್ತು ಆ ತರಗನ್ನ ನಾನೇ..."

ಗಾಲಿಗಳು ಕಂಬಿಯ ಮೇಲೇರಿದವು. ಕಬ್ಬಿಣದ ಗಡಗಡ ಸದ್ದು ನೆಲದಿಂದ ಎದ್ದು ಕಾರಿನ ಒಳಗನ್ನೆಲ್ಲ ತುಂಬಿ, ಅವಳ ಬಾಯಿಂದ ಹೊರಟದ್ದನ್ನು ಹುಡಿಮಾಡಿತು. ಅದು ಮುಗಿಯುವವರೆಗೂ ಓರ್ವಲ್ ಒಂದು ಕೈಯನ್ನು ಎತ್ತಿ ಹಿಡಿದಿದ್ದ, ಸಾಕು ಎನ್ನುವಂತೆ, ಅಥವಾ ಕುಲುಕಾಟಕ್ಕೆ ಆಧಾರ ಹುಡುಕುವಂತೆ. ಮತ್ತೆ ಡಾಂಬರಿನ ನುಣುಪು ಬಂತು. ಅವನು ಕೈ ಇಳಿಸಿ, ಕಿಟಕಿಯತ್ತ ತಿರುಗಿದ.

"ದಾಟಾಯ್ತು" ಎಂದ.